ಎರಡು ಇಂಚು ಕಡಿಮೆಯ ಮುಚ್ಚಳ

ಜಹೀರಾಬಾದ್
೧೭ ನವೆಂಬರ್ ೨೦೨೪, ರವಿವಾರ

ಚಿರಂಜೀವಿ ಜೈಪಾಲನಿಗೆ,

ನಿನ್ನ ಅಣ್ಣ ತುಳಸಿರಾಮನ ಜೈಭೀಮ್. ಇಲ್ಲಿ ನಾನೂ ನಿನ್ನ ವೈನಿಯೂ ಆರಾಮ. ತಾಂಡೂರಿನ ಕಲ್ಲಿನ ಧೂಳು ನುಂಗಿಕೊಂಡು ಆರಾಮವಾಗಿರಲು ಬರುವುದಾದರೆ ನೀನೂ ಧಮ್ಮಶೀಲಾಳೂ, ಗಂಡ ಹೆಂಡತಿ ಇಬ್ಬರೂ, ಆರಾಮ ಇದ್ದೀರಿ ಎಂದುಕೊಳ್ಳುತ್ತೇನೆ. ನೀನು ಕಳಿಸಿದ ಮುಚ್ಚಳ ಮುಟ್ಟಿ ಹದಿನೆಂಟು ದಿನವಾಯಿತು. ಮುಟ್ಟಿತು ಎಂದು ತಿಳಿಸದೆ ತಡ ಮಾಡಿದೆ, ಕ್ಷಮಿಸು ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಎನ್ನುತ್ತೀ, ನಾನು ‘ಹೂಂ’ ಎನ್ನುತ್ತೇನೆ, ಇಪ್ಪತ್ತಾರು ವರ್ಷದಿಂದ ನಮ್ಮಿಬ್ಬರ ಮಾತು ಅಷ್ಟೇ. ಕಾಗದವಾದರೆ ನೀನು ನಡುವೆ ಕಟ್ ಮಾಡಲು ಬರುವುದಿಲ್ಲ, ಪೂರ್ತಿ ಓದಲೇಬೇಕು.

ಮೊದಲು ನನ್ನ ಕಡೆಯ ಕಥೆ ಕೇಳು. ಶಿಲ್ಪಾರಾಣಿ ನಿನಗೊಂದು ಬಗೆ, ನನಗೊಂದು ಬಗೆ ಹೇಳಿರುತ್ತಾಳೆ. ನನ್ನ ಮಗಳನ್ನು ನಾನು ಬಲ್ಲೆ. ನಾರಾಯಣಖೇಡದ ವಸತಿ ಶಾಲೆಯಲ್ಲಿ ಆಟದ ಟೀಚರ್ ಆದಾಗಿನಿಂದ ಅವಳಿಗೆ ಒಂದೇ ಗೀಳು. ಕಾಲೇಜಿನಲ್ಲಿದ್ದಾಗ ಹೈದರಾಬಾದಿನ ಕೆರೆಯಲ್ಲಿ ಕಯಾಕ್ ನಡೆಸಿ ಎರಡು ಕಪ್ಪು ಗೆದ್ದಿದ್ದಳಲ್ಲ, ಒಬ್ಬರೇ ಕಾಲು ಚಾಚಿ ಕೂತು ಎರಡೂ ಕಡೆ ಹುಟ್ಟು ಹಾಕುವ ಆ ಸಪೂರ ದೋಣಿ, ಅದೇ. ಈಗ ಸಿಂಗೂರಿನ ಹಿನ್ನೀರು ಕಣ್ಣೆದುರಿಗಿದೆ, ದೋಣಿ ಇಲ್ಲ. ಮನೆಯಲ್ಲೇ ಮಾಡಬಹುದಂತೆ ಎಂದು ಎಲ್ಲಿಂದಲೋ ನಕ್ಷೆ ತಂದಳು. ಅಪ್ಪ ಬಡಿಗ ಎಂಬುದು ಇವಳಿಗೆ ಈಗಲಾದರೂ ನೆನಪಾಯಿತಲ್ಲ ಎಂದು ನಾನು ಹಿಗ್ಗಿದೆ. ಆಮೇಲೆ ಷರತ್ತು ಹೇಳಿದಳು.

“ಅಪ್ಪಾ, ತಳ ನೀ ಮಾಡು. ಮ್ಯಾಲಿನ ಮುಚ್ಚಳ ಜೈಪಾಲ ಕಾಕಾ ಮಾಡ್ತಾನ. ಎರಡೂ ಕೂಡಿಸಾಕ ಇಬ್ಬರೂ ಒಂದೇ ಜಾಗಾದಾಗ ನಿಲ್ಲಬೇಕು. ಇಲ್ಲಂದ್ರ ನನಗ ದೋಣಿನೇ ಬ್ಯಾಡ.”

ಒಂದು ದೋಣಿಯನ್ನು ಎರಡು ಊರಿನಲ್ಲಿ ಮಾಡಿದ ಜಾಣರನ್ನು ಎಲ್ಲಾದರೂ ಕಂಡಿದ್ದೀಯಾ? ತಳ ಜಹೀರಾಬಾದಿನಲ್ಲಿ, ಮುಚ್ಚಳ ತಾಂಡೂರಿನಲ್ಲಿ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು. ಆದರೂ ಒಪ್ಪಿದೆ. ಮಗಳು ಕೇಳಿದ್ದಾಳೆಂದು ಒಪ್ಪಿದೆ, ನಿನ್ನ ಮುಖ ನೋಡುವ ಆಸೆಗಲ್ಲ.

ನನ್ನ ಕೆಲಸದ ವಿಷಯ ನಾನೇ ಹೇಳಿಕೊಳ್ಳಬಾರದು. ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ಹೇಳುತ್ತೇನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹದಿನಾರು ಫೂಟಿನ ತಳ ಎದ್ದಿದೆ. ಸಾಗವಾನಿಯಲ್ಲಿ ಬಾಗಿಲು ಕೆತ್ತಿದ ಕೈಯಿಂದ ಹಪ್ಪಳದಂಥ ಪ್ಲೈವುಡ್ಡು ಮುಟ್ಟಿಸಿದಳು ಮಗಳು. ಪಟ್ಟಿಗಳ ಅಂಚಿಗೆ ತೂತು ಕೊರೆದು, ನಮ್ಮ ಅವ್ವ ಮುತ್ತಗದ ಎಲೆ ಹಚ್ಚುತ್ತಿದ್ದಳಲ್ಲ ಹಾಗೆ, ತಾಮ್ರದ ತಂತಿಯಿಂದ ಹೊಲಿಯಬೇಕು. ದೋಣಿಯ ಹೊಟ್ಟೆ ಸರಿಯಾದ ಆಕಾರಕ್ಕೆ ನಿಲ್ಲಲೆಂದು ನಡುನಡುವೆ ಅಡ್ಡಹಲಗೆ ಕೊಡಬೇಕು. ಆಮೇಲೆ ಎಪಾಕ್ಸಿ ಅಂಟಿನಲ್ಲಿ ಫೈಬರ್ ಬಟ್ಟೆಯ ಪಟ್ಟಿ ನೆನೆಸಿ ಹೊಲಿಗೆಯ ಮೇಲೆ ಕೂಡಿಸಬೇಕು. ವಿಡಿಯೋದಲ್ಲಿ ಒಬ್ಬ ಬಿಳಿ ಹುಡುಗ ಇದನ್ನೆಲ್ಲ ಕಾಫಿ ಕುಡಿಯುತ್ತ ಹನ್ನೆರಡು ನಿಮಿಷದಲ್ಲಿ ಮುಗಿಸುತ್ತಾನೆ. ಅವನ ಹತ್ತಿರ ಇರುವ ಹತಾರುಗಳನ್ನು ನೋಡಿದರೆ ನಮ್ಮ ಮೊಗುಡಂಪಲ್ಲಿಯ ಎಮ್ಮೆಯೂ ಕಯಾಕ್ ಮಾಡೀತು. ನಾನು ಎರಡೂವರೆ ತಿಂಗಳು ತೆಗೆದುಕೊಂಡೆ.

ನೋಡಲು ಬರುವವರಿಗೆ ಕೊರತೆಯಿಲ್ಲ. ಪಕ್ಕದ ಮನೆಯ ಕಾಶಿನಾಥ ರಿಟೈರಾದ ಮೇಲೆ ಬೇರೆಯವರ ಹಿತ್ತಲಲ್ಲೇ ನೌಕರಿ ಹಿಡಿದಿದ್ದಾನೆ. ದಿನಾ ಚಹಾದ ಹೊತ್ತಿಗೆ ಹಾಜರಿ. ಮೊದಲ ದಿನ ಕೇಳಿದ, “ಮಿಸ್ತ್ರಿ ಸಾಹೇಬ್ರ, ಇದಕ್ಕ ಇಂಜಿನ್ ಎಲ್ಲಿ ಕೂಡ್ತದ್ರಿ?” ಇಂಜಿನ್ ಇಲ್ಲ, ಕೈಯಿಂದ ಹುಟ್ಟು ಹಾಕುವುದು ಎಂದೆ. “ಹಂಗಾದ್ರ ಇಷ್ಟು ತ್ರಾಸ ಯಾಕ್ರಿ, ಬಸ್ ಅದಾವಲ್ಲ” ಎಂದ. ಇಂಥವನೊಬ್ಬ ಮೂವತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತಿದ್ದ.

ಇನ್ನು ನಿನ್ನ ಮುಚ್ಚಳ. ತೊಗರಿಬೇಳೆ ಚೀಲಗಳ ಮೇಲೆ ಹಗ್ಗ ಕಟ್ಟಿಸಿಕೊಂಡು ಟೆಂಪೋದಲ್ಲಿ ಬಂತು, ಹೆಣ ಬಂದಂತೆ. ಇಳಿಸಿ ಬಿಚ್ಚಿದೆ. ಹೊಳಪು ನೋಡಿ ಕಾಶಿನಾಥ ಬಾಯಿ ತೆರೆದ. ನಾನು ತೆರೆಯಲಿಲ್ಲ. ಕಲ್ಲಿಗೆ ಪಾಲಿಶ್ ಹೊಡೆದ ಹಾಗೆ ಮರಕ್ಕೂ ನೀರು ಹಾಕಿ ಹೊಡೆದಿದ್ದೀ, ಅಂಚಿನವರೆಗೂ! ಅಷ್ಟು ನುಣುಪಾದ ಅಂಚಿಗೆ ಅಂಟು ಹಿಡಿಯುತ್ತದೆ ಎಂದು ನಿನಗೆ ಯಾರು ಹೇಳಿದರು? ಅಂಚು ಪೂರ್ತಿ ಮತ್ತೆ ಉಸುಕಿನ ಕಾಗದ ಹಾಕಿ ನಾನೇ ಒರಟು ಮಾಡಿದೆ. ಮಾಡುವಾಗ ಜೋಡಣೆಯ ಗೆರೆ ಹುಡುಕಿದೆ, ಕಾಣಲಿಲ್ಲ. ಅದೊಂದನ್ನು ನಾನು ಕಲಿಸಿದ್ದು, ಮರೆತಿಲ್ಲ ಎಂದುಕೊಂಡೆ.

ಆಮೇಲೆ ನಿನ್ನ ವೈನಿ ಒಂದು ತುದಿ, ನಾನೊಂದು ತುದಿ ಹಿಡಿದು ತಳದ ಮೇಲೆ ಇಟ್ಟೆವು. ತುದಿಗಳು ಸರಿಯಾಗಿಯೇ ಕೂತವು. ನಡುವೆ, ಜೈಪಾಲ, ನಡುವೆ ನಿನ್ನ ಮುಚ್ಚಳ ದೋಣಿಯ ಒಳಗೇ ಇಳಿಯಿತು, ಹಂಡೆಗೆ ಗಂಗಾಳ ಬಿದ್ದಂತೆ. ಟೇಪು ಹಿಡಿದೆ. ನನ್ನ ತಳ ಎರಡು ಫೂಟು ಅಗಲ. ನಿನ್ನದು ಇಪ್ಪತ್ತೆರಡು ಇಂಚು.

ಆಗ ನನಗೆ ಎಲ್ಲ ಅರ್ಥವಾಯಿತು. ನೀನು ಬಡಿಗತನ ಮಾಡಲಿಲ್ಲ, ಕಲ್ಲಿನ ವ್ಯಾಪಾರ ಮಾಡಿದೆ. ನಿಮ್ಮ ತಾಂಡೂರಿನವರು ‘ಎರಡು ಬೈ ಎರಡು’ ಎಂದು ಫರಸಿ ಮಾರುತ್ತಾರೆ, ಮನೆಗೆ ತಂದು ಅಳೆದರೆ ಇಪ್ಪತ್ತೆರಡು ಇಂಚು. ಕೇಳಿದರೆ “ಅಂಚು ಕಟಿಂಗಿಗೆ ಹೋಗ್ತದ್ರಿ, ಕಲ್ಲಿನ ಅಳತಿ ಹಾಂಗೇ” ಎನ್ನುತ್ತಾರೆ. ಲೋಕದಲ್ಲೆಲ್ಲ ಹನ್ನೆರಡು ಇಂಚಿಗೆ ಫೂಟು, ನಿಮ್ಮಲ್ಲಿ ಹನ್ನೊಂದಕ್ಕೆ. ಹಗಲು ಹೊತ್ತಿನಲ್ಲಿ ಎರಡು ಇಂಚು ನುಂಗಿ, ಅದಕ್ಕೊಂದು ಪದ್ಧತಿ ಎಂದು ಹೆಸರಿಟ್ಟ ಜನ. ಅಂಥವರ ನಡುವೆ ಇಪ್ಪತ್ತಾರು ವರ್ಷ ಉಂಡವನಿಗೆ ನಿಜವಾದ ಫೂಟು ಕಂಡರೆ ಕಣ್ಣು ಕುಕ್ಕುತ್ತದೆ. ಅಂಗಳಕ್ಕೆ ಹಾಸುವ ಫರಸಿಯಾದರೆ ಸಂದಿಗೆ ಸಿಮೆಂಟು ತುಂಬಬಹುದು. ನೀರಿನ ಮೇಲೆ ನನ್ನ ಮಗಳು ಕೂಡುವ ದೋಣಿಗೆ ಏನು ತುಂಬಲಿ, ನಿಮ್ಮ ತೊಗರಿಬೇಳೆಯೇ?

ನಿನಗೆ ಅಳತೆ ಎಂದೂ ಬರಲಿಲ್ಲ. ನ್ಯಾಲ್ಕಲ್ಲಿನ ಚೌಕಟ್ಟು ನಾನು ಮರೆತಿಲ್ಲ. ನಮ್ಮ ಕೇರಿಯಿಂದ ಐಟಿಐಗೆ ಹೋಗಿ ಬಡಿಗತನ ಕಲಿತು ಬಂದವನು ನಾನೊಬ್ಬನೇ. ನಮ್ಮ ಕೈಯ ಕುರ್ಚಿಯಲ್ಲಿ ಕೂಡಲೂ ಹಿಂದೆಮುಂದೆ ನೋಡುತ್ತಿದ್ದ ಊರಿನಲ್ಲಿ ಅಷ್ಟು ದೊಡ್ಡ ಮನೆಯ ತಲೆಬಾಗಿಲಿನ ಚೌಕಟ್ಟು ನಮಗೆ ಬಂದಿತ್ತು. ಅಳತೆಯನ್ನು ಚೀಟಿಯಲ್ಲಿ ಬರೆದು ತಂದವನು ನಾನು, ಕೊರೆದವನು ನೀನು. ಚೌಕಟ್ಟು ನಿಲ್ಲಿಸುವ ಮುಹೂರ್ತಕ್ಕೆ ಊರೇ ಸೇರಿತ್ತು. ಬಾಗಿಲಿನ ಎತ್ತರಕ್ಕೂ ಯಜಮಾನನ ಆಯುಷ್ಯಕ್ಕೂ ಗಂಟು ಹಾಕಿ ‘ಆಯ’ ಲೆಕ್ಕ ಹಾಕುವ ಆ ಶಾಸ್ತ್ರಿ ಕೋಲು ಹಿಡಿದು ಅಳೆದ. ಒಂದು ಇಂಚು ಕಡಿಮೆ. “ಆಯ ತಪ್ಪೇದ. ಇದು ಸಾವಿನ ಬಾಗಿಲು” ಎಂದ. ಆ ಮನೆಯ ಸಾಹುಕಾರ ಬೈಯಲಿಲ್ಲ, ನಕ್ಕ. “ಇದಕ್ಕೇ ಅಂತಾರ, ಯಾರ ಕೆಲಸ ಅವರೇ ಮಾಡಬೇಕು” ಎಂದ. ಎಲ್ಲರೂ ನಕ್ಕರು. ನಾನು ಅಲ್ಲೇ, ಅವರೆಲ್ಲರ ಎದುರಿಗೆ, ನಿನ್ನ ಕೆನ್ನೆಗೆ ಹೊಡೆದೆ.

“ಅಣ್ಣಾ, ಚೀಟಿ ನೋಡು. ಚೀಟಿದಾಗ ಹಾಂಗೇ ಅದ” ಎಂದೆ ನೀನು. ಚೀಟಿ ತೋರಿಸು ಎಂದೆ. ನಿನ್ನ ಹತ್ತಿರ ಇರಲಿಲ್ಲ. ಇರದ ಚೀಟಿಯ ಸಾಕ್ಷಿ ಹೇಳುವವನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲು ನನಗೇನು ಹುಚ್ಚೇ? ಮರುದಿನ ನೀನು ತಾಂಡೂರಿನ ಬಸ್ಸು ಹತ್ತಿದೆ. ಆಮೇಲೆ ಮದುವೆಗೆ, ಮಣ್ಣಿಗೆ ಬಂದಾಗ ಪಂಕ್ತಿಯ ಆ ತುದಿಗೆ ನೀನು, ಈ ತುದಿಗೆ ನಾನು. ಈಗ ಇಪ್ಪತ್ತಾರು ವರ್ಷದ ಮೇಲೆ ಮತ್ತೆ ಮರ ಕೊಟ್ಟು ನೋಡಿದರೆ ಅಂದು ಒಂದು ಇಂಚು ತಿಂದವನು ಇಂದು ಎರಡು ತಿಂದಿದ್ದೀ. ಬೆಳವಣಿಗೆ ಎಂದರೆ ಇದು.

ಮುಚ್ಚಳದ ಒಳಮೈಗೆ ನೀನು ಪೆನ್ಸಿಲಿನಲ್ಲಿ ಬರೆದದ್ದನ್ನು ಓದಿದ್ದೇನೆ: ‘ಅಣ್ಣಾ, ಕೂಡಿಸುವ ದಿನ ಹೇಳು. ಬರ್ತೀನಿ.’ ನಿನ್ನ ವೈನಿ ಬಾಲಮಣಿ ಹದಿನೆಂಟು ದಿನದಿಂದ ಅದನ್ನೇ ಹಿಡಿದಿದ್ದಾಳೆ. “ಕರೀರಿ ಅವನಿಗಿ. ಕಾಯ್ಲತ್ತಾನ ಅಂವ” ಎನ್ನುತ್ತಾಳೆ. ಯಾಕೆ ಕರೆಯಬೇಕು? ಉಳಿದ ಇಂಚುಗಳನ್ನೂ ತಿನ್ನಲೆಂದೇ? ಒಬ್ಬನೇ ಮುಗಿಸುತ್ತೇನೆ ಎಂದೆ.

ಕೂಡಿಸುವುದು ಎಂದರೆ ಹೊರಗಿನಿಂದ ಪಟ್ಟಿ ಹಚ್ಚಿದರೆ ಆಗಲಿಲ್ಲ. ಒಳಗಿನ ಸಂದಿಗೂ ಹಚ್ಚಬೇಕು. ದೋಣಿಯನ್ನು ಮಗ್ಗುಲಿಗೆ ಮಲಗಿಸಿ, ಕೂತುಕೊಳ್ಳುವ ತೂತಿನಿಂದ ಒಳಗೆ ತೂರಿ, ಕೋಲಿಗೆ ಬ್ರಷ್ ಕಟ್ಟಿ, ತುದಿಯವರೆಗೆ ಒಯ್ಯಬೇಕು. ಒಳಗೊಬ್ಬ ಇದ್ದರೆ, ಹೊರಗೊಬ್ಬ ನೆನೆಸಿದ ಪಟ್ಟಿ ಕೊಡುತ್ತ ಬ್ಯಾಟರಿ ಹಿಡಿಯಬೇಕು. ಆಗುತ್ತದೋ ಇಲ್ಲವೋ ನೋಡೋಣ ಎಂದು ನಿನ್ನೆ ಮುಚ್ಚಳದ ತುದಿಗಳನ್ನು ತಳಕ್ಕೆ ಕಟ್ಟಿ, ಅದರ ತೂತಿಗೆ ತಲೆ ಹಾಕಿದೆ. ಒಂದು ಭುಜ ಹೋಯಿತು. ಇನ್ನೊಂದು ಹೋಯಿತು. ಆಮೇಲೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಕೂಗಿದರೆ ನನ್ನ ದನಿ ನನಗೇ ಬಂದು ಬಡಿಯಿತು. ಕಡೆಗೆ ಹೊರಗೆ ಕಾಶಿನಾಥನ ದನಿ ಕೇಳಿತು, “ಮಿಸ್ತ್ರಿ ಸಾಹೇಬ್ರ, ದೋಣಿ ಹಾಕ್ಕೊಂಡು ಎಲ್ಲಿ ಹೊಂಟೀರಿ?” ಅವನೂ ನಿನ್ನ ವೈನಿಯೂ ಕಾಲು ಹಿಡಿದು ಎಳೆದರು. “ಒಳಗ ಹೋಗೂ ಮೊದಲ ಹೊಟ್ಟಿ ಹೊರಗ ಬಿಟ್ಟು ಹೋಗ್ಬೇಕಿತ್ರಿ” ಎಂದಳು ಬಾಲಮಣಿ. ಆ ಮೂರ್ಖನ ಎದುರಿಗೆ ಅವಳು ಅಷ್ಟು ನಗಬಾರದಿತ್ತು.

ಹೀಗಿದೆ ಸಮಾಚಾರ. ನಿನ್ನ ಮುಚ್ಚಳವನ್ನು ಬರುವ ಟೆಂಪೋದಲ್ಲಿ ವಾಪಸು ಕಳಿಸುತ್ತೇನೆ. ಇಪ್ಪತ್ತನಾಲ್ಕು ಇಂಚು ಮಾಡಿ ಕಳಿಸು. ಇಂಚು ಎಂದರೆ ಏನೆಂದು ಯಾರಾದರೂ ದರ್ಜಿಯನ್ನು ಕೇಳು.

ಮಂಗಳವಾರ

ಮೇಲಿನದನ್ನು ರವಿವಾರ ಬರೆದು ಲಕೋಟೆಗೆ ಹಾಕಿ ಇಟ್ಟಿದ್ದೆ. ನಿನ್ನೆ ಪೋಸ್ಟಿಗೆ ಹಾಕಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಬರೆಯಲು ಒಂದು ದಿನ ಬೇಕಾಯಿತು.

ನಿನ್ನೆ ಮುಂಜಾನೆ ಬಾಲಮಣಿ ಅಡಿಗೆಮನೆ ತೊಳೆಯುತ್ತಿದ್ದಳು. ಉಪ್ಪಿನಕಾಯಿ ಭರಣಿಗಳನ್ನು ಎತ್ತಿ, ಕೆಳಗಿದ್ದ ಹಲಗೆಯನ್ನು ಒರೆಸಿಕೊಂಡು ಶೆಡ್ಡಿಗೆ ಬಂದಳು.

“ಈ ಹಲಗಿ ನಿಮ್ಮ ದೋಣಿದಲ್ಲೇನ್ರಿ? ನೀವೇ ಬಿಸಾಕಿದ್ರಿ ಅಂತ ದಸರಾಕ ಮೊದಲ ನಾ ಒಯ್ದಿದ್ದೆ.”

ಕೈಗೆ ತೆಗೆದುಕೊಂಡೆ. ದೋಣಿಯ ನಡುವಿನ ಅಡ್ಡಹಲಗೆ. ಒಳಗೆ ಅಂಟು ಬಳಿಯುವಾಗ ಕೈಗೆ ಅಡ್ಡ ಬರುತ್ತದೆ ಎಂದು ನಾನೇ ಬಿಚ್ಚಿ ಮೂಲೆಗೆ ಎಸೆದಿದ್ದೆ. ಮುಚ್ಚಳ ಕೂಡುವವರೆಗೆ ತೆಗೆಯಬಾರದು ಎಂದು ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ. ಮೂವತ್ತೈದು ವರ್ಷ ಕೆಲಸ ಮಾಡಿದ ಮಿಸ್ತ್ರಿಗೆ ನಕ್ಷೆ ಏನು ಹೇಳುವುದು ಎಂದು ನಾನು ಓದಿರಲಿಲ್ಲ. ಆಸರೆ ತೆಗೆದ ಮೇಲೆ ತೆಳು ಹಲಗೆ ಸುಮ್ಮನಿರುತ್ತದೆಯೇ? ಉಂಡವನ ಹೊಟ್ಟೆಯ ಹಾಗೆ ಎರಡೂ ಕಡೆ ಒಂದೊಂದು ಇಂಚು ಸಡಿಲಾಗಿದೆ. ಅದರ ಮೇಲೆ ನಾನು ಟೇಪು ಹಿಡಿದು ಎರಡು ಫೂಟು ಎಂದು ಓದಿದೆ. ಹಲಗೆಯ ಮೇಲೆ ಎಣ್ಣೆಯ ಕಲೆಯ ನಡುವೆ ಪೆನ್ಸಿಲಿನಲ್ಲಿ ‘ನಡು, ೫೬ ಸೆಂ.ಮೀ.’ ಎಂದಿತ್ತು. ಐವತ್ತಾರು ಸೆಂಟಿಮೀಟರು ಎಂದರೆ ಇಪ್ಪತ್ತೆರಡು ಇಂಚು. ಅಕ್ಷರ ನನ್ನದೇ.

ಹಲಗೆಯನ್ನು ಇದ್ದಲ್ಲೇ ಕೂಡಿಸಿ, ಹಳೆಯ ಸೈಕಲ್ ಟ್ಯೂಬುಗಳನ್ನು ಸೀಳಿ ತಳದ ಸುತ್ತ ಬಿಗಿದು ಎಳೆದೆ. ಬಾಲಮಣಿಯೂ ನಾನೂ ಸೇರಿ ನಿನ್ನ ಮುಚ್ಚಳ ಎತ್ತಿ ಇಟ್ಟೆವು. ಕೂತಿತು. ಈ ತುದಿಯಿಂದ ಆ ತುದಿಯವರೆಗೆ ಅಂಚಿಗೆ ಅಂಚು ಕೂತಿತು, ಡಬ್ಬಿಗೆ ಮುಚ್ಚಳ ಕೂತಂತೆ. ಎಲ್ಲಾದರೂ ಒಂದು ಕಡೆ ಉಗುರು ತೂರೀತು ಎಂದು ಸುತ್ತಲೂ ಬೆರಳು ಆಡಿಸಿಕೊಂಡು ಹೋದೆ. ನಿನಗೆ ಅಷ್ಟೂ ದಯೆ ಇಲ್ಲ, ಒಂದು ಕಡೆಯೂ ತೂರಲಿಲ್ಲ.

“ಏನ್ ಅಳತಿ ಮಾಡ್ಯಾನ್ರಿ ಜೈಪಾಲ!” ಎಂದಳು ಅವಳು. ಚಹಾ ಮಾಡು ಹೋಗು ಎಂದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ರವಿವಾರದ ಹಾಳೆಗಳನ್ನು ಹರಿದು ಹಾಕಿ ಬೇರೆ ಬರೆಯಬಹುದಿತ್ತು. ಹರಿಯಲಿಲ್ಲ. ಬೈದದ್ದು ಬೈದಂತೆಯೇ ನಿನ್ನ ಹತ್ತಿರ ಇರಲಿ, ಎಷ್ಟು ನಾಚಿಕೆಯಿಲ್ಲದೆ ಬೈಯಬಲ್ಲೆ ಎಂದು ನಿನಗೂ ಗೊತ್ತಿರಲಿ. ಕಲ್ಲಿನವರ ಬಗ್ಗೆ ಬರೆದದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ. ಅವರು ಎರಡು ಇಂಚು ತಿನ್ನುವುದು ನಿಜ.

ಶಿಲ್ಪಾ ಬರುವ ರವಿವಾರ ರಜೆ ಹಾಕಿ ಬರುತ್ತಾಳಂತೆ. ಅಂಟು ತಂದಿದ್ದೇನೆ, ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ, ಟ್ಯೂಬು ಬಿಗಿದೇ ಇವೆ. ಒಳಗೆ ತೂರಲು ಒಬ್ಬ ತೆಳ್ಳಗಿನವನು ಬೇಕು. ನೀನು ಹುಟ್ಟಿದಾಗಿನಿಂದ ಕಡ್ಡಿ ಪೈಲ್ವಾನ, ತಾಂಡೂರಿನ ಊಟಕ್ಕೆ ಉಬ್ಬಿರುವ ಸಾಧ್ಯತೆ ಇಲ್ಲ. ಹೊರಗೆ ಬ್ಯಾಟರಿ ನಾನು ಹಿಡಿಯುತ್ತೇನೆ. ಧಮ್ಮಶೀಲಾಳನ್ನೂ ಕರೆದುಕೊಂಡು ಬಾ. ನಿನ್ನ ವೈನಿ ಅವಳಿಗಾಗಿ ಒಂದು ಭರಣಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ, ಅದರ ಕೆಳಗೆ ಈಗ ಹಲಗೆ ಇಲ್ಲ. ನಿನ್ನ ಮನೆಯಲ್ಲಿ ಎಲ್ಲರಿಗೂ ಮಂಗಳವಾಗಲಿ. ಕೆಲಸದಲ್ಲಿ ಕಣ್ಣಿಗೆ ಧೂಳು ಬೀಳದಿರಲಿ, ಎದೆಗೆ ಇಳಿಯದಿರಲಿ. ಮೂಗಿಗೆ ಬಟ್ಟೆ ಕಟ್ಟಿಕೊ.

ನಿನ್ನ ಅಣ್ಣ,
ತುಳಸಿರಾಮ

ತಾ.ಕ.: ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿದಿದೆ, ಮೆಲ್ಲಗೆ ಬಿಚ್ಚು. ನ್ಯಾಲ್ಕಲ್ಲಿನ ಚೌಕಟ್ಟಿನ ಚೀಟಿ. ಆ ಮುಂಜಾನೆ ನೀನು ಅದನ್ನು ನನ್ನ ಕೈಗೆ ವಾಪಸು ಕೊಟ್ಟಿದ್ದೆ, ನಿನಗೆ ನೆನಪಿರಬೇಕು. ನಿನಗೆ ಹೊಡೆಯುವಾಗ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಇದೆ ಎಂದು ಗೊತ್ತಿತ್ತು, ಏನು ಬರೆದಿದ್ದೇನೆ ಎಂದು ಗೊತ್ತಿರಲಿಲ್ಲ. ಅಷ್ಟು ಜನರ ಎದುರಿಗೆ ತೆಗೆದು ನೋಡಲು ಧೈರ್ಯ ಬರಲಿಲ್ಲ. ಅವರು ನಮ್ಮ ಕೇರಿಯ ಒಬ್ಬನಿಗೆ ನಗುವುದೇ ಇದ್ದರೆ, ಅದು ಐಟಿಐ ಕಲಿತ ನಾನು ಆಗಬಾರದು ಎನ್ನಿಸಿತು. ಸಂಜೆ ಮನೆಗೆ ಬಂದು ನೋಡಿದೆ. ಆರು ಫೂಟು ಒಂಬತ್ತು ಇಂಚು ಇರಬೇಕಾದಲ್ಲಿ ಎಂಟು ಇಂಚು ಎಂದಿತ್ತು. ನಾನೇ ಬರೆದದ್ದು. ನೀನು ಇದ್ದದ್ದನ್ನು ಇದ್ದಂತೆ ಕೊರೆದಿದ್ದೆ. ರಾತ್ರಿಯೆಲ್ಲ ನಿನ್ನನ್ನು ಎಬ್ಬಿಸಿ ಹೇಳಬೇಕು ಎಂದುಕೊಂಡೆ. ಬೆಳಗಾಗುವ ಹೊತ್ತಿಗೆ ನೀನು ಬಸ್ ಸ್ಟ್ಯಾಂಡಿನಲ್ಲಿದ್ದೆ. ಬಸ್ಸು ಎಂಟೂವರೆಗೆ ಇತ್ತು, ನಾನು ಹೋಗಬಹುದಿತ್ತು.

ರವಿವಾರ ಬರುವಾಗ ಟೇಪು ನೀನೇ ತೆಗೆದುಕೊಂಡು ಬಾ.